ಕರ್ಮಣಿ ಪ್ರಯೋಗ

ವ್ಯಾಕರಣದ ಪಾಠವೆಂದರೆ ತರಗತಿಯಲ್ಲಿ ಅರ್ಧ ಜನಕ್ಕೆ ನಿದ್ದೆ, ಉಳಿದರ್ಧ ಜನಕ್ಕೆ ಕಿಟಕಿ. ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ಇದು ಹೊಸ ಸಂಗತಿಯೇನಲ್ಲ. ಕಳೆದ ವರ್ಷ ಒಂದು ದಿನ ಪ್ರಯೋಗಗಳ ವಿಷಯ ಬಂದಿತು. ‘ರಾಮನು ರಾವಣನನ್ನು ಕೊಂದನು’ ಎಂಬುದು ಕರ್ತರಿ ಪ್ರಯೋಗ, ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬುದು ಕರ್ಮಣಿ ಪ್ರಯೋಗ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಹೀಗೆ ಯಾರು ಮಾತಾಡುತ್ತಾರೆ?” ಎಂದು ಕೇಳಿದ.

ಪ್ರಶ್ನೆ ಸರಿಯಾದದ್ದೇ. ನಮ್ಮ ಮನೆಗಳಲ್ಲಿ ‘ಅನ್ನ ನನ್ನಿಂದ ಉಣ್ಣಲ್ಪಟ್ಟಿತು’ ಎಂದು ಯಾರೂ ಹೇಳುವುದಿಲ್ಲ. ಸಂತೆಯಲ್ಲಿ, ಹೊಲದಲ್ಲಿ, ಜಗಳದಲ್ಲಿ, ಜೋಗುಳದಲ್ಲಿ ಕನ್ನಡ ಕರ್ತರಿಯಲ್ಲೇ ನಡೆಯುತ್ತದೆ. ಮಾಡಿದವನ ಹೆಸರನ್ನು ಮೊದಲು ಹೇಳಿ, ಮಾಡಿದ್ದನ್ನು ಆಮೇಲೆ ಹೇಳುವುದು ನಮ್ಮ ನುಡಿಯ ಜಾಯಮಾನ. ಆದುದರಿಂದ ನಾನು ಸ್ವಲ್ಪ ವಿನೋದವಾಗಿಯೇ, “ಸರಕಾರ ಮಾತಾಡುತ್ತದಪ್ಪ” ಎಂದೆ. ತರಗತಿ ನಕ್ಕಿತು. ನಿದ್ದೆ ಮಾಡುತ್ತಿದ್ದವರೂ ಎಚ್ಚತ್ತು, ಕಾರಣ ತಿಳಿಯದೆಯೇ ನಕ್ಕರು. ನಾನೂ ನಗಬೇಕಾಗಿತ್ತು. ಆದರೆ ನಗು ಬರಲಿಲ್ಲ. ಏಕೆ ಬರಲಿಲ್ಲವೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

೨೦೨೧ನೆಯ ಇಸವಿಯ ಮೇ ತಿಂಗಳು. ಕೋವಿಡ್ ಸಾಂಕ್ರಾಮಿಕದ ಎರಡನೆಯ ಅಲೆ ಊರೂರನ್ನು ನುಂಗುತ್ತಿದ್ದ ಕಾಲ. ಕಾಲೇಜುಗಳು ಮುಚ್ಚಿದ್ದುವು. ಅಧ್ಯಾಪಕರಾದ ನಮ್ಮಲ್ಲಿ ಕೆಲವರನ್ನು ದೂರವಾಣಿ ಕೇಂದ್ರದ ಕೆಲಸಕ್ಕೆ ಹಾಕಿದರು. ಊರು ಯಾವುದು, ಕಚೇರಿ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಅಂಥ ಕೇಂದ್ರಗಳು ಎಲ್ಲೆಲ್ಲೂ ಇದ್ದುವು, ಎಲ್ಲವೂ ಹೆಚ್ಚು ಕಡಿಮೆ ಒಂದೇ ರೀತಿ ಇದ್ದುವು. ಒಂದು ಉದ್ದನೆಯ ಮೇಜು, ಆರು ದೂರವಾಣಿಗಳು, ಆರು ದಪ್ಪ ಪುಸ್ತಕಗಳು. ಎದುರಿಗೆ ಗೋಡೆಗೆ ಅಂಟಿಸಿದ ಒಂದು ಹಾಳೆ. ಕರೆ ಮಾಡಿದವರಿಗೆ ನಾವು ಏನು ಹೇಳಬೇಕೆಂಬುದು ಅದರಲ್ಲಿ ಅಚ್ಚಾಗಿತ್ತು. ‘ನಿಮ್ಮ ಮನವಿಯನ್ನು ದಾಖಲಿಸಿಕೊಳ್ಳಲಾಗಿದೆ. ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು. ಹಾಸಿಗೆ ಲಭ್ಯವಾದ ಕೂಡಲೇ ತಿಳಿಸಲಾಗುವುದು.’ ಕೊನೆಯಲ್ಲಿ ಒಂದು ಸೂಚನೆಯೂ ಇತ್ತು: ಕರೆ ಸ್ವೀಕರಿಸುವವರು ತಮ್ಮ ಹೆಸರನ್ನು ಹೇಳತಕ್ಕದ್ದಲ್ಲ.

ಆ ಸೂಚನೆಯನ್ನು ಬರೆದವರನ್ನು ನಾನು ದೂರುವುದಿಲ್ಲ. ಜನ ಕೋಪದಲ್ಲಿದ್ದರು. ದುಃಖದಲ್ಲಿದ್ದವರು ಯಾರಾದರೊಬ್ಬರ ಮೇಲೆ ಎರಗುವುದು ಸಹಜ. ಕೆಲಸಕ್ಕೆ ಕುಳಿತವರಿಗೆ ರಕ್ಷಣೆ ಬೇಕೆಂದು ಅವರಿಗೆ ತೋರಿದ್ದರೆ ಅದರಲ್ಲಿ ತಪ್ಪಿಲ್ಲ. ನಾನೂ ಮೊದಲ ದಿನ ಆ ಸೂಚನೆಯನ್ನು ಕಂಡು ಒಳಗೊಳಗೇ ಸಮಾಧಾನಪಟ್ಟುಕೊಂಡೆ.

ಎರಡನೆಯ ದಿನವೋ ಮೂರನೆಯ ದಿನವೋ ಸಂಜೆ ಒಬ್ಬ ಹೆಂಗಸು ಕರೆ ಮಾಡಿದಳು. ಗಂಡನಿಗೆ ಉಸಿರಾಟಕ್ಕೆ ಕಷ್ಟವಾಗುತ್ತಿದೆ, ಎಲ್ಲಿಯಾದರೂ ಒಂದು ಹಾಸಿಗೆ ಬೇಕು ಎಂದಳು. ಬೈಗುಳವಿಲ್ಲ, ಅಳುವಿಲ್ಲ. ನಾನು ಗೋಡೆಯ ಹಾಳೆಯನ್ನು ನೋಡಿಕೊಂಡು, “ನಿಮ್ಮ ಮನವಿಯನ್ನು ದಾಖಲಿಸಿಕೊಳ್ಳಲಾಗಿದೆಯಮ್ಮ” ಎಂದೆ.

“ಅಂಗಂದ್ರೆ ಬರ್ಕಂಡ್ರಾ ಸಾರ್?” ಎಂದಳು.

“ಹೂಂ, ಬರೆದುಕೊಂಡಿದೆ.”

“ಯಾರು ಬರ್ಕಂಡ್ರು? ನೀವೇನಾ?”

“ಹೌದಮ್ಮ.”

“ನಿಮ್ಮೆಸ್ರೇನು ಸಾರ್? ರಾತ್ರಿಗೆ ಜಾಸ್ತಿ ಆದ್ರೆ ಯಾರ್ನ ಕೇಳ್ಲಿ ನಾನು?”

ನಾನು ಹೆಸರು ಹೇಳಲಿಲ್ಲ. “ಇದೇ ಸಂಖ್ಯೆಗೆ ಕರೆ ಮಾಡಬಹುದು” ಎಂದೆ. ಆಕೆ ಕ್ಷಣಕಾಲ ಸುಮ್ಮನಿದ್ದು, “ಆಯ್ತು ಬಿಡಿ ಸಾರ್” ಎಂದು ದೂರವಾಣಿಯನ್ನು ಇಟ್ಟಳು. ಆ ‘ಆಯ್ತು ಬಿಡಿ’ ಎಂಬ ಎರಡು ಪದಗಳಲ್ಲಿದ್ದ ಧಿಕ್ಕಾರ, ನಾನು ಆ ತಿಂಗಳು ಕೇಳಿದ ಯಾವ ಬೈಗುಳದಲ್ಲಿಯೂ ಇರಲಿಲ್ಲ.

ಮರುದಿನ ನನ್ನ ಸರದಿ ಬಂದಾಗ ಒಂದು ಹಾಸಿಗೆಯ ಸುದ್ದಿ ಬಂದಿತು. ಆ ಸಂಖ್ಯೆಗೆ ನಾನೇ ಕರೆ ಮಾಡಿದೆ. ಎತ್ತಿಕೊಂಡವನು ಚಿಕ್ಕ ಹುಡುಗ. “ಅಪ್ಪ ಬೆಳಗಿನ ಜಾವ ಹೋದ್ರು” ಎಂದ. ನನ್ನ ಮುಂದಿದ್ದ ಪುಸ್ತಕದಲ್ಲಿ ಕೊನೆಯ ಅಂಕಣ ಖಾಲಿಯಾಗಿತ್ತು. ಅದನ್ನು ತುಂಬಿಸದೆ ಪುಟವನ್ನು ಮುಚ್ಚುವಂತಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಗುಮಾಸ್ತರನ್ನು ಏನು ಬರೆಯಲಿ ಎಂದು ಕೇಳಿದೆ. ಅವರು ತಲೆಯೆತ್ತದೆಯೇ, “ವಿಲೇವಾರಿ ಅಂತ ಬರೀರಿ” ಎಂದರು. ಬರೆದೆ. ಕಸಕ್ಕೂ ಕಡತಕ್ಕೂ ನಾವು ಬಳಸುವ ಮಾತು ಅದು. ಕನ್ನಡ ಎಂ.ಎ. ಓದಿದ ಕೈ ಅದನ್ನು ಒಂದು ಕಾಗುಣಿತದ ತಪ್ಪೂ ಇಲ್ಲದೆ ಬರೆಯಿತು.

ಆ ದಿನದಿಂದ ನನಗೆ ಒಂದು ಪ್ರಶ್ನೆ ಅಂಟಿಕೊಂಡಿದೆ. ಮಹಾಮಾರಿಯ ಕಾಲದಲ್ಲಿ ಜನ ಸರಕಾರದ ಮೇಲೆ ಕೋಪಿಸಿಕೊಳ್ಳುತ್ತಾರಲ್ಲ, ಆ ಕೋಪ ನಿಜವಾಗಿ ಯಾವುದರ ಮೇಲೆ? ರೋಗವನ್ನು ಸರಕಾರ ತಂದದ್ದಲ್ಲವೆಂಬುದು ಜನಕ್ಕೆ ಗೊತ್ತು. ಎಲ್ಲರನ್ನೂ ಉಳಿಸುವುದು ಯಾರಿಂದಲೂ ಆಗದೆಂಬುದೂ ಗೊತ್ತು. ಸಾವನ್ನು ನಮ್ಮ ಜನ ಕಂಡಷ್ಟು ಯಾರೂ ಕಂಡಿಲ್ಲ. ಆದರೂ ಕೋಪ ಬರುತ್ತದೆ. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಹಿಂದಿನ ಮಹಾಮಾರಿಗಳ ಚರಿತ್ರೆಯನ್ನು ಓದತೊಡಗಿದೆ. ಓದಿದುದರಲ್ಲಿ ಪುಣೆಯ ಪ್ಲೇಗಿನ ಕಥೆ ನನ್ನನ್ನು ಬಹುವಾಗಿ ಹಿಡಿಯಿತು. ನಮ್ಮ ತಲೆಯ ಮೇಲೆ ೨೦೨೦ರಲ್ಲಿ ಬಂದು ಕುಳಿತ ಕಾನೂನು ಹುಟ್ಟಿದ್ದು ಆ ಪ್ಲೇಗಿನ ಕಾಲದಲ್ಲಿಯೇ.

೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಭಾಗದಲ್ಲಿ ಡಾಕ್ಟರ್ ವಿಯೇಗಸ್ ಎಂಬ ಗೋವೆಯ ಮೂಲದ ವೈದ್ಯರು ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಜನ ಲಕ್ಷಗಟ್ಟಲೆಯಾಗಿ ಮುಂಬಯಿಯನ್ನು ಬಿಟ್ಟು ಓಡಿದರು. ೧೮೯೭ರ ಫೆಬ್ರವರಿ ೪ರಂದು ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ನಾಲ್ಕೇ ಕಲಮುಗಳ ಕಾಯಿದೆ ಅದು. ಒಂದೂವರೆ ಪುಟವೂ ಆಗದು. ಸರಕಾರ ತನಗೆ ಅಗತ್ಯವೆಂದು ಕಂಡ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಕಾಯಿದೆಯ ಮೇರೆಗೆ ಸದುದ್ದೇಶದಿಂದ ಕೆಲಸ ಮಾಡಿದವರ ಮೇಲೆ ಯಾರೂ ದಾವೆ ಹೂಡುವಂತಿಲ್ಲ. ಇಷ್ಟೇ ಅದರ ತಿರುಳು. ಜನರಿಗೆ ಸರಕಾರ ಏನು ಕೊಡಬೇಕು, ಏನು ಹೇಳಬೇಕು ಎಂಬ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಆಳುವವರ ಅಧಿಕಾರ ಮಾತ್ರ ಅದರಲ್ಲಿ ಉಂಟು. ಆಳುವವರ ಕರ್ತವ್ಯ ಇಲ್ಲ.

ಪುಣೆಯಲ್ಲಿ ಈ ಅಧಿಕಾರ ರ‍್ಯಾಂಡ್ ಎಂಬ ಸಿವಿಲ್ ಅಧಿಕಾರಿಯ ಕೈಗೆ ಬಂದಿತು. ಆತ ಕೆಲಸಗಳ್ಳನಲ್ಲ, ಲಂಚಕೋರನಲ್ಲ, ದಕ್ಷನೆಂದೇ ಹೆಸರಾದವನು. ಆತ ಸೈನಿಕರನ್ನು ಮನೆ ಮನೆ ಶೋಧಿಸಲು ಕಳುಹಿಸಿದ. ದೇವರ ಕೋಣೆ, ಅಡಿಗೆಯ ಮನೆ, ಬಾಣಂತಿಯ ಕೋಣೆ ಯಾವುದನ್ನೂ ಅವರು ಬಿಡಲಿಲ್ಲ. ರೋಗಿ ಎಂದು ಕಂಡವರನ್ನು ಆಸ್ಪತ್ರೆಗೂ, ಅವರ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೂ ಸಾಗಿಸಿದರು. ಸಾಮಾನುಗಳನ್ನು ಹೊರಗೆಸೆದು ಸುಟ್ಟರು, ಮನೆಗಳಿಗೆ ಸುಣ್ಣ ಬಳಿದರು, ನೆಲ ಅಗೆದರು. ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಮೈ ಪರೀಕ್ಷೆ ಮಾಡಿದರೆಂಬ ದೂರು ಎದ್ದಿತು.

ಆಸ್ಪತ್ರೆಯಲ್ಲಿ, ಶಿಬಿರದಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲವೆಂದು ೧೮೯೭ರಲ್ಲಿ ಪಂಡಿತಾ ರಮಾಬಾಯಿ ಪತ್ರಿಕೆಗೆ ಬಹಿರಂಗವಾಗಿ ಬರೆದರು. ಈ ರಮಾಬಾಯಿ ನಮ್ಮ ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿಗಳ ಮಗಳು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ೧೮೫೮ರಲ್ಲಿ ಹುಟ್ಟಿದವರು. ಸರಕಾರದ ಶತ್ರುವೆಂದು ಅವರನ್ನು ಯಾರೂ ಕರೆಯುವಂತಿರಲಿಲ್ಲ; ಅವರು ಕ್ರೈಸ್ತಮತವನ್ನು ಸ್ವೀಕರಿಸಿದ್ದವರು, ಇಂಗ್ಲೆಂಡಿನಲ್ಲಿ ಗೌರವ ಪಡೆದವರು. ಆದರೂ ಅವರ ಮಾತು ತಪ್ಪು ಎಂದು ಸರಕಾರ ತಳ್ಳಿಹಾಕಿತು. ಅದೇ ಪುಣೆಯ ಹೊರಗೆ, ಅದೇ ವರ್ಷದ ಮಾರ್ಚ್ ೧೦ರಂದು, ರೋಗಿಗಳ ಸೇವೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರು ಪ್ಲೇಗಿಗೆ ಬಲಿಯಾದರು. ಒಂದು ಕಡೆ ಬಂದೂಕು ಹಿಡಿದು ರೋಗಿಯನ್ನು ಹುಡುಕುವ ಆಡಳಿತ, ಇನ್ನೊಂದು ಕಡೆ ರೋಗಿಯನ್ನು ತಾನೇ ಎತ್ತಿ ತರುವ ಮುದುಕಿ. ಪುಣೆಯ ಜನ ಎರಡನ್ನೂ ಕಣ್ಣಾರೆ ಕಂಡರು.

ಮುಂದಿನದು ಎಲ್ಲರಿಗೂ ತಿಳಿದದ್ದು. ೧೮೯೭ರ ಜೂನ್ ೨೨ರಂದು ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ ಸಹೋದರರು ರ‍್ಯಾಂಡನನ್ನೂ ಆಯರ್ಸ್ಟ್ ಎಂಬ ಸೈನ್ಯಾಧಿಕಾರಿಯನ್ನೂ ಗುಂಡಿಟ್ಟರು. ಆಯರ್ಸ್ಟ್ ಅಲ್ಲಿಯೇ ಸತ್ತ. ರ‍್ಯಾಂಡ್ ಜುಲೈ ೩ರಂದು ಸತ್ತ. ಮೂವರು ಚಾಪೇಕರ ಸಹೋದರರೂ ಗಲ್ಲಿಗೇರಿದರು. ‘ಕೇಸರಿ’ಯಲ್ಲಿ ಬಂದ ಬರಹಗಳಿಗಾಗಿ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಸಜೆಯಾಯಿತು. ಕೊಲೆಯನ್ನು ನಾನು ಹೊಗಳಲಾರೆ. ಆದರೆ ಒಂದು ಮಾತನ್ನು ಗಮನಿಸಬೇಕು. ಪ್ಲೇಗಿನ ಕ್ರಮಗಳ ಮೇಲಿನ ಸಿಟ್ಟಿಗೆ ನ್ಯಾಯಾಲಯದ ಬಾಗಿಲನ್ನು ಕಾಯಿದೆಯೇ ಮುಚ್ಚಿತ್ತು. ಪತ್ರಿಕೆಯ ಬಾಗಿಲನ್ನು ಸಜೆ ಮುಚ್ಚಿತು. ಬಾಗಿಲುಗಳೆಲ್ಲ ಮುಚ್ಚಿದ ಮನೆಯಲ್ಲಿ ಹೊಗೆ ಸೂರನ್ನೇ ಹುಡುಕುತ್ತದೆ.

ಇದಕ್ಕಿಂತಲೂ ಮನಸ್ಸನ್ನು ಕಲಕುವ ಪ್ರಸಂಗ ಗೋಖಲೆಯವರದು. ಆಗ ಅವರು ಇಂಗ್ಲೆಂಡಿನಲ್ಲಿದ್ದರು. ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಸೈನಿಕರು ಹೆಂಗಸರ ಮಾನಭಂಗ ಮಾಡಿದರೆಂದು ಅಲ್ಲಿನ ಪತ್ರಿಕೆಗೆ ಹೇಳಿಕೆ ಕೊಟ್ಟರು. ಊರಿಗೆ ಮರಳಿ ಸಾಕ್ಷ್ಯ ಕೇಳಿದಾಗ ಯಾರೂ ಮುಂದೆ ಬರಲಿಲ್ಲ. ಗೋಖಲೆ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರನ್ನು ಜನ ಹೇಡಿ ಎಂದರು. ಆದರೆ ನಾನು ಈ ಕಥೆಯನ್ನು ಓದಿದಾಗ ಬೇರೊಂದು ವಿಷಯ ಕಂಡಿತು. ಆ ಇಡೀ ಕಾಲದಲ್ಲಿ ‘ನಾನು ಹೀಗೆ ಹೇಳಿದೆ, ಅದು ಸಾಧಿಸಲಿಲ್ಲ, ತಪ್ಪು ನನ್ನದು’ ಎಂದು ಕರ್ತರಿ ಪ್ರಯೋಗದಲ್ಲಿ ಮಾತನಾಡಿದ ದೊಡ್ಡ ಮನುಷ್ಯ ಅವರೊಬ್ಬರೇ ಎಂದು ತೋರುತ್ತದೆ. ಸರಕಾರ ಹಾಗೆ ಮಾತನಾಡಲಿಲ್ಲ. ಸರಕಾರ ಬಾಯಿ ಬಿಟ್ಟು ನಿಜವನ್ನು ಹೇಳಿದ್ದರೆ, ಸುಳ್ಳು ಸುದ್ದಿ ಅಷ್ಟು ದೂರ, ಕಡಲು ದಾಟಿ, ಹೋಗುತ್ತಿರಲಿಲ್ಲ.

ಇಷ್ಟೆಲ್ಲ ಅವಮಾನವನ್ನು ಸಹಿಸಿದ್ದಕ್ಕೆ ಫಲವಾದರೂ ಏನು? ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬುದನ್ನು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ೧೮೯೮ರಲ್ಲಿ ಕರಾಚಿಯಲ್ಲಿ ಕಂಡುಹಿಡಿದ. ಪುಣೆಯ ಸೈನಿಕರು ಬಾಣಂತಿಯ ಕೋಣೆಯನ್ನು ಶೋಧಿಸುತ್ತಿದ್ದಾಗ ಇಲಿ ಗೋಡೆಯ ಬಿಲದಲ್ಲಿ ಪಕ್ಕದ ಮನೆಗೆ ಹೋಗುತ್ತಿತ್ತು. ತಿಳಿಯದಿದ್ದುದು ಅಪರಾಧವಲ್ಲ. ತಿಳಿಯದಿದ್ದರೂ ಎಲ್ಲವೂ ತಿಳಿದವರಂತೆ ನಡೆದುಕೊಂಡದ್ದು ಅಪರಾಧ. ಇದನ್ನು ಸರಕಾರವೂ ಕೆಲಮಟ್ಟಿಗೆ ಅರಿತುಕೊಂಡಿತೆನ್ನಬೇಕು. ೧೮೯೮ರಲ್ಲಿ ಪ್ಲೇಗ್ ಆಯೋಗವೊಂದು ನೇಮಕವಾಯಿತು. ಶತಮಾನ ಮುಗಿಯುವ ವೇಳೆಗೆ ಬಲವಂತದ ಕ್ರಮಗಳು ಸಡಿಲವಾದುವು.

ನಮ್ಮ ಕನ್ನಡ ನಾಡಿಗೂ ಈ ಕಥೆಯಲ್ಲಿ ಪಾಲುಂಟು. ೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನ ಬಯಲಿಗೆ ಬರಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಕೆಲಸ ಚುರುಕಾಯಿತು. ಇಂದು ಅಲ್ಲಿನ ಅಗಲವಾದ ರಸ್ತೆಗಳಲ್ಲಿ ಸಂಜೆ ನಡೆದಾಡುವವರು ಪ್ಲೇಗಿನ ಋಣದಲ್ಲಿದ್ದಾರೆ. ಬೆಂಗಳೂರಿನ ಬೀದಿಗಳಲ್ಲಿ ಪ್ಲೇಗಿನಮ್ಮನ ಗುಡಿಗಳೂ ಎದ್ದುವು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ಕ್ರಮಗಳನ್ನು ವಿರೋಧಿಸಿ ಜನ ದಂಗೆಯೆದ್ದರು. ಹುಬ್ಬಳ್ಳಿಯಲ್ಲಿ ಇದಕ್ಕೆ ಬೇರೆಯಾದ ಒಂದು ಸಂಗತಿ ನಡೆಯಿತು. ಹಾಫ್ಕಿನ್ ಎಂಬ ವಿಜ್ಞಾನಿ ೧೮೯೭ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ತಯಾರಿಸಿ, ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದ. ಆ ಲಸಿಕೆಯನ್ನು ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರ ಸಾವಿರ ಜನ ಹಾಕಿಸಿಕೊಂಡರು. ಹುಬ್ಬಳ್ಳಿಯ ಜನಕ್ಕೆ ಭಯವಿರಲಿಲ್ಲವೆ? ಇತ್ತು. ಆದರೆ ‘ಚುಚ್ಚಲಾಗುವುದು’ ಎಂಬುದಕ್ಕೂ ‘ನಾನು ಚುಚ್ಚಿಕೊಂಡಿದ್ದೇನೆ, ನೀನೂ ಚುಚ್ಚಿಸಿಕೋ’ ಎಂಬುದಕ್ಕೂ ಇರುವ ಅಂತರ ದೊಡ್ಡದು.

ಈ ಅಂತರವನ್ನು ನನಗೆ ಮೊದಲು ತಿಳಿಸಿದವರು ಚರಿತ್ರೆಕಾರರಲ್ಲ, ನಮ್ಮ ಅಜ್ಜಿ. ಆಕೆ ಚಿಕ್ಕವಳಾಗಿದ್ದಾಗ ನಮ್ಮೂರಿಗೆ ಎರಡು ಸಲ ಪ್ಲೇಗು ಬಂದಿತ್ತಂತೆ. ‘ಪ್ಲೇಗು ಬಂತು’ ಎಂದು ಆಕೆ ಎಂದೂ ಹೇಳುತ್ತಿರಲಿಲ್ಲ. ‘ಇಲಿ ಬಿತ್ತು’ ಎನ್ನುತ್ತಿದ್ದಳು. ಮನೆಯ ಸೂರಿನಿಂದ ಒಂದು ಇಲಿ ಸತ್ತು ಬಿದ್ದರೆ ಊರು ಬಿಡಬೇಕು, ಅದು ಕಟ್ಟಳೆ. ಸಿಮೊಂ ಕಂಡುಹಿಡಿದುದರ ಅರ್ಧವನ್ನು ನಮ್ಮ ಹಳ್ಳಿಯವರು ಅನುಭವದಿಂದಲೇ ಅರಿತಿದ್ದರು. ಎತ್ತು, ದನ, ಪಾತ್ರೆ, ತೊಟ್ಟಿಲು ಎಲ್ಲವನ್ನೂ ಹೊತ್ತು ಹೊಲದ ಬಯಲಿಗೆ ಹೋಗಿ ಸೋಗೆಯ ಗುಡಿಸಲು ಹಾಕಿಕೊಂಡು ಎರಡು ಮೂರು ತಿಂಗಳು ಇರುವುದು. “ಹೋಗು ಅಂತ ಯಾರು ಹೇಳೋರು ಅಜ್ಜಿ?” ಎಂದು ಒಮ್ಮೆ ಕೇಳಿದ್ದೆ. “ಪಟೇಲರು ಡಂಗುರ ಹೊಡಸೋರು” ಎಂದಳು. “ಯಾರಿಗೂ ಸಿಟ್ಟು ಬರ್ತಿರ್ಲಿಲ್ವಾ?” ಎಂದೆ. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯಾಕೆ ಬರುತ್ತೋ? ಅವರ ಗುಡ್ಲೂ ನಮ್ಮ ಗುಡ್ಲು ಪಕ್ಕದಲ್ಲೇ ಇತ್ತಲ್ಲ” ಎಂದಳು.

ಹಳೆಯ ಹಳ್ಳಿಯನ್ನು ನಾನು ಸ್ವರ್ಗವೆಂದು ಬಣ್ಣಿಸುತ್ತಿಲ್ಲ. ಆ ಬಯಲಿನಲ್ಲಿಯೂ ಯಾರ ಗುಡಿಸಲು ಯಾರ ಗುಡಿಸಲಿನಿಂದ ಎಷ್ಟು ದೂರವಿರಬೇಕೆಂಬ ಜಾತಿಯ ಲೆಕ್ಕ ಇದ್ದೇ ಇತ್ತು. ಪ್ಲೇಗಿನ ಹೆಣದ ಎದುರಿನಲ್ಲಿಯೂ ಶಾಸ್ತ್ರದ ತಕರಾರು ನಿಲ್ಲದೆಂಬುದನ್ನು ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರು ಬಲ್ಲರು. ಭೈರಪ್ಪನವರ ‘ಗೃಹಭಂಗ’ದಲ್ಲಿ ನಂಜಮ್ಮನ ಮಕ್ಕಳನ್ನು ಒಯ್ದ ಪ್ಲೇಗು ಊರು ಬಿಟ್ಟರೂ ಮನುಷ್ಯರನ್ನು ಬಿಡದು. ಆದರೂ ಅಜ್ಜಿಯ ಮಾತಿನಲ್ಲಿ ಒಂದು ರಾಜನೀತಿಯ ಸತ್ಯವಿದೆ. ಆಜ್ಞೆ ಮಾಡಿದವನು ಆಜ್ಞೆಯ ಒಳಗೆ ತಾನೂ ನಿಂತರೆ, ಜನ ಎಂಥ ಕಷ್ಟವನ್ನಾದರೂ ಹೊರುತ್ತಾರೆ. ಹೊರಗೆ ನಿಂತರೆ, ಹಗುರವಾದ ಆಜ್ಞೆಯೂ ನೊಗವಾಗುತ್ತದೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಾಲವನ್ನು ನೋಡೋಣ. ೨೦೨೦ರ ಮಾರ್ಚಿನಲ್ಲಿ ಕೋವಿಡ್‍ನಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲಿ ಆಯಿತು. ಆ ತಿಂಗಳ ೨೨ರ ಸಂಜೆ ಐದು ಗಂಟೆಗೆ ನಾನೂ ಮನೆಯ ಮುಂದೆ ನಿಂತು ಚಪ್ಪಾಳೆ ತಟ್ಟಿದವನೇ. ೨೪ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳ ಪ್ರಕಟಣೆಯಾಗಿ, ನಾಲ್ಕೇ ತಾಸಿನಲ್ಲಿ ದೇಶ ಬಾಗಿಲು ಹಾಕಿತು. ನನಗೆ ತೊಂದರೆಯಾಗಲಿಲ್ಲ, ನನ್ನ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿತ್ತು, ಕಪಾಟಿನಲ್ಲಿ ಓದದ ಪುಸ್ತಕಗಳಿದ್ದುವು. ದಿನಗೂಲಿಯವರು ಹೆದ್ದಾರಿಗಳಲ್ಲಿ ಹೆಂಡಿರು ಮಕ್ಕಳೊಡನೆ ನೂರಾರು ಮೈಲಿ ನಡೆದರು. ಮೇ ೮ರ ಬೆಳಗಿನ ಜಾವ ಔರಂಗಾಬಾದಿನ ಬಳಿ ಹಳಿಯ ಮೇಲೆ ಮಲಗಿದ್ದ ಹದಿನಾರು ಮಂದಿ ಕೂಲಿಗಳು ಸರಕು ರೈಲಿಗೆ ಸಿಕ್ಕಿ ಸತ್ತರು. ನಮ್ಮ ರಾಜ್ಯದಲ್ಲಿ, ಅದೇ ತಿಂಗಳ ಮೊದಲ ವಾರ, ಪರರಾಜ್ಯದ ಕಾರ್ಮಿಕರನ್ನು ಊರಿಗೆ ಒಯ್ಯಬೇಕಾಗಿದ್ದ ರೈಲುಗಳನ್ನು ಸರಕಾರ ಬೇಡವೆಂದಿತು. ಕಟ್ಟಡ ಕಟ್ಟಿಸುವವರೊಡನೆ ನಡೆದ ಸಭೆಯ ಬೆನ್ನಲ್ಲೇ ಬಂದ ತೀರ್ಮಾನ ಅದು. ಟೀಕೆಯ ಬಿರುಗಾಳಿ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಎಷ್ಟು ಜನ ವಲಸೆ ಕಾರ್ಮಿಕರು ದಾರಿಯಲ್ಲಿ ಸತ್ತರೆಂದು ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಕೇಳಿದಾಗ, ಅಂಥ ಅಂಕಿ ಅಂಶಗಳು ಇಲ್ಲವೆಂಬ ಉತ್ತರ ಬಂದಿತು.

ಎರಡನೆಯ ಅಲೆಯಲ್ಲಿ, ೨೦೨೧ರ ಮೇ ೨ರ ರಾತ್ರಿ ಮೊದಲ್ಗೊಂಡು ಮರುದಿನದ ಹೊತ್ತಿಗೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ೨೪ ಮಂದಿ ರೋಗಿಗಳು ಸತ್ತರು. ಆಮ್ಲಜನಕ ಮುಗಿದುದರಿಂದ ಸತ್ತವರು ಮೂವರೇ ಎಂದು ಸರಕಾರದ ಕಡೆಯಿಂದ ಮೊದಲು ಹೇಳಿಕೆ ಬಂದಿತು. ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿ ಬೇರೆಯಾಗಿಯೇ ಕಂಡಿತು. ರಾಜ್ಯಕ್ಕೆ ದಿನಕ್ಕೆ ೧,೨೦೦ ಟನ್ ಆಮ್ಲಜನಕ ಕೊಡಬೇಕೆಂದು ಅದೇ ನ್ಯಾಯಾಲಯ ಮೇ ೫ರಂದು ಆಜ್ಞೆ ಮಾಡಿತು. ಕೇಂದ್ರ ಸರಕಾರ ಆ ಆಜ್ಞೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಸರ್ವೋಚ್ಚ ನ್ಯಾಯಾಲಯ ಮಧ್ಯೆ ಬರಲು ಒಪ್ಪಲಿಲ್ಲ. ಜುಲೈ ೨೦ರಂದು ರಾಜ್ಯಸಭೆಯಲ್ಲಿ, ಆಮ್ಲಜನಕದ ಕೊರತೆಯಿಂದ ಆದ ಸಾವುಗಳನ್ನು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲವೆಂಬ ಉತ್ತರ ಬಂದಿತು. ಸತ್ತವರು ಉಂಟು, ಕೊರತೆ ಉಂಟು. ಎರಡನ್ನೂ ಕೂಡಿಸುವ ವಾಕ್ಯ ಮಾತ್ರ ಯಾವ ಕಾಗದದಲ್ಲಿಯೂ ಇಲ್ಲ. ೨೦೨೦ ಮತ್ತು ೨೦೨೧ರಲ್ಲಿ ಭಾರತದಲ್ಲಿ ಈ ಮಾರಿಯ ಲೆಕ್ಕಕ್ಕೆ ಸೇರಬೇಕಾದ ಸಾವುಗಳು ಸುಮಾರು ೪೭ ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರ ಮೇ ತಿಂಗಳಲ್ಲಿ ಅಂದಾಜು ಮಾಡಿತು. ಸರಕಾರದ ಲೆಕ್ಕ ಸುಮಾರು ೪ ಲಕ್ಷ ೮೦ ಸಾವಿರ. ಅಂದಾಜಿನ ವಿಧಾನ ಸರಿಯಲ್ಲವೆಂದು ಸರಕಾರ ಆಕ್ಷೇಪಿಸಿತು. ವಿಧಾನದ ಚರ್ಚೆ ಪಂಡಿತರದು. ಆದರೆ ಈ ಎರಡು ಸಂಖ್ಯೆಗಳ ನಡುವಿನ ಕಂದರದಲ್ಲಿ ಎಷ್ಟೋ ಮನೆಗಳ ಯಜಮಾನರು ಬಿದ್ದಿದ್ದಾರೆ. ನನ್ನ ಪುಸ್ತಕದಲ್ಲಿ ‘ವಿಲೇವಾರಿ’ಯಾದವನು ಯಾವ ಕಡೆ ಇದ್ದಾನೆಂದು ನನಗೆ ಗೊತ್ತಿಲ್ಲ.

ಜನರ ಕೋಪ ಯಾವಾಗಲೂ ಸರಿಯೆಂದು ಹೇಳುವವನು ನಾನಲ್ಲ. ೧೮೯೬ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಆಸ್ಪತ್ರೆಯ ಮೇಲೆಯೇ ನುಗ್ಗಿದರು. ೨೦೨೦ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಮನೆ ಮನೆಗೆ ಹೋಗಿ ರೋಗದ ವಿಚಾರಣೆ ಮಾಡುತ್ತಿದ್ದ ಆಶಾ ಕಾರ್ಯಕರ್ತೆಯರ ಮೇಲೆ ಕೈ ಮಾಡಿದವರುಂಟು. ತಿಂಗಳಿಗೆ ಕೆಲವು ಸಾವಿರ ಗೌರವಧನಕ್ಕೆ ದುಡಿಯುವ ಹೆಣ್ಣುಮಗಳು ಸರಕಾರವಲ್ಲ. ಆದರೆ ಬಾಗಿಲಿಗೆ ಬರುವ ಸರಕಾರದ ಮುಖ ಆಕೆಯೊಬ್ಬಳೇ. ಆದುದರಿಂದ ಪೆಟ್ಟು ಆಕೆಗೆ ಬೀಳುತ್ತದೆ. ಅದೇ ಕಾರ್ಯಕರ್ತೆಯರು ಆ ವರ್ಷದ ಜುಲೈಯಲ್ಲಿ ಹನ್ನೆರಡು ಸಾವಿರ ರೂಪಾಯಿ ಗೌರವಧನಕ್ಕಾಗಿ, ರಕ್ಷಣೆಯ ಸಲಕರಣೆಗಾಗಿ ಮುಷ್ಕರ ಹೂಡಬೇಕಾಯಿತು. ಹಳೆಯ ೧೮೯೭ರ ಕಾಯಿದೆಗೆ ೨೦೨೦ರಲ್ಲಿ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿದವರಿಗೆ ಏಳು ವರ್ಷದವರೆಗೆ ಶಿಕ್ಷೆ ವಿಧಿಸಿದರು. ಅದು ನ್ಯಾಯವೇ. ಆದರೆ ಆ ತಿದ್ದುಪಡಿಯಲ್ಲಿಯೂ ಜನರಿಗೆ ಸರಕಾರದ ಮೇಲೆ ಇರಬೇಕಾದ ಹಕ್ಕಿನ ಮಾತು ಸೇರಲಿಲ್ಲ. ೧೨೩ ವರ್ಷಗಳಲ್ಲಿ ಆಳುವವರು ಬದಲಾದರು, ಧ್ವಜ ಬದಲಾಯಿತು, ವಾಕ್ಯರಚನೆ ಬದಲಾಗಲಿಲ್ಲ.

ಇಲ್ಲಿಗೆ ನನ್ನ ಪ್ರಶ್ನೆಯ ಉತ್ತರಕ್ಕೆ ಬಂದೆನೆಂದು ಕಾಣುತ್ತದೆ. ಆ ಹೆಂಗಸು ನನ್ನನ್ನು ಹಾಸಿಗೆ ಕೇಳಿದಳು, ನಿಜ. ಹಾಸಿಗೆ ಇಲ್ಲವೆಂದಿದ್ದರೆ ಆಕೆ ದುಃಖಪಡುತ್ತಿದ್ದಳು, ಬೇರೆ ಎಲ್ಲಾದರೂ ಓಡುತ್ತಿದ್ದಳು. ಆದರೆ ಆಕೆ ಕೊನೆಗೆ ಕೇಳಿದ್ದು ಒಂದು ಹೆಸರನ್ನು. ‘ರಾತ್ರಿಗೆ ಹೆಚ್ಚಾದರೆ ಯಾರನ್ನು ಕೇಳಲಿ’ ಎಂಬುದು ಆಕೆಯ ಪ್ರಶ್ನೆ. ಪುಣೆಯ ಜನರ ಪ್ರಶ್ನೆಯೂ ಅದೇ. ಚಾಮರಾಜನಗರದ ಆಸ್ಪತ್ರೆಯ ಮುಂದೆ ನಿಂತಿದ್ದವರ ಪ್ರಶ್ನೆಯೂ ಅದೇ. ಮಹಾಮಾರಿಯಲ್ಲಿ ಜನ ಕ್ರಿಯಾಪದಕ್ಕೆ ಒಂದು ಕರ್ತೃವನ್ನು ಬೇಡುತ್ತಾರೆ. ‘ಕ್ರಮ ಕೈಗೊಳ್ಳಲಾಗುವುದು’ ಎಂದರೆ ಕೈಗೊಳ್ಳುವವರು ಯಾರು? ‘ವರದಿಯಾಗಿಲ್ಲ’ ಎಂದರೆ ವರದಿ ಮಾಡದವರು ಯಾರು? ಕರ್ತೃ ಸಿಕ್ಕದಿದ್ದಾಗ ಅವರ ಕೋಪ ಎದುರಿಗೆ ಸಿಕ್ಕವರ ಮೇಲೆ ಬೀಳುತ್ತದೆ, ಇಲ್ಲವೆ ‘ಆಯ್ತು ಬಿಡಿ’ ಎಂದು ಒಳಕ್ಕಿಳಿಯುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯದ್ದು. ಬೈಯುವವನು ಇನ್ನೂ ಸರಕಾರವನ್ನು ತನ್ನದೆಂದುಕೊಂಡಿರುತ್ತಾನೆ.

ತರಗತಿಯ ಕಥೆಯನ್ನು ಮುಗಿಸುತ್ತೇನೆ. ನಗು ಅಡಗಿದ ಮೇಲೆ ನಾನು ಹಲಗೆಯ ಮೇಲಿದ್ದ ರಾಮರಾವಣರನ್ನು ಅಳಿಸಿ, ‘ಹಾಸಿಗೆಯನ್ನು ಒದಗಿಸಲಾಗಲಿಲ್ಲ’ ಎಂದು ಬರೆದೆ. ಇದನ್ನು ಕರ್ತರಿ ಪ್ರಯೋಗಕ್ಕೆ ತಿರುಗಿಸಿ ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಬಹಳ ಹೊತ್ತು ಯೋಚಿಸಿ ಎದ್ದು, “ಸಾರ್, ಇದರಲ್ಲಿ ಎರಡು ಅರ್ಥ ಬರುತ್ತದೆ. ಒದಗಿಸಲು ಸಾಧ್ಯವಾಗಲಿಲ್ಲ ಅಂತಲೂ ಆಗುತ್ತದೆ, ಒದಗಿಸಲಿಲ್ಲ ಅಂತಲೂ ಆಗುತ್ತದೆ. ಯಾವುದನ್ನು ತೆಗೆದುಕೊಳ್ಳಲಿ?” ಎಂದಳು. ಇಪ್ಪತ್ತು ವರ್ಷದ ನನ್ನ ಪಾಠದಲ್ಲಿ ಅಷ್ಟು ಸೂಕ್ಷ್ಮವಾದ ವ್ಯಾಕರಣದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ‘ಆಗಲಿಲ್ಲ’ ಎಂಬ ಒಂದೇ ಮಾತಿನ ಮರೆಯಲ್ಲಿ ಅಸಹಾಯಕತೆಯೂ ಅಲಕ್ಷ್ಯವೂ ಜೊತೆಯಾಗಿ ಅಡಗಿ ಕುಳಿತುಕೊಳ್ಳಬಲ್ಲುವೆಂಬುದನ್ನು ನಾನೂ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

“ಕರ್ತೃಪದವೂ ಇಲ್ಲ ಸಾರ್. ಅದನ್ನು ನೀವು ಕೊಟ್ಟರೆ ಮಾತ್ರ ಬರೆಯಬಹುದು” ಎಂದೂ ಆಕೆ ಸೇರಿಸಿದಳು.

ಗಂಟೆ ಬಾರಿಸುವವರೆಗೆ ನನಗೆ ಉತ್ತರ ಹೊಳೆಯಲಿಲ್ಲ. ಹಾಸಿಗೆ ಒದಗಿಸುವುದು ನನ್ನ ಕೈಯಲ್ಲಿರಲಿಲ್ಲ. ಆ ವಾಕ್ಯಕ್ಕೆ ನಾನು ಕರ್ತೃವಾಗಲಾರೆ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ವಾಕ್ಯವಿದೆ; ಅದು ಕರ್ತರಿ ಪ್ರಯೋಗದಲ್ಲಿಯೇ ಇದೆ, ಅದಕ್ಕೆ ಒಂದೇ ಅರ್ಥ. ಮರುದಿನ ತರಗತಿಗೆ ಹೋದಾಗ ಉದಾಹರಣೆಗೆಂದು ಅದನ್ನೇ ಹಲಗೆಯ ಮೇಲೆ ಬರೆದೆ. ಹುಡುಗರು ಕಾರಣ ಕೇಳಲಿಲ್ಲ, ಬರೆದುಕೊಂಡರು.

‘ನಾನು ನನ್ನ ಹೆಸರನ್ನು ಹೇಳಲಿಲ್ಲ.’